ಮೈದಾನದಿಂದ ಬಂದವರಿಗೆ ಹಾರ ಬೇಡ, ಕೆಲಸ ಕೊಡಿ

ಮಾನ್ಯ ಸಂಪಾದಕರೇ,

ಆಟ ಆಡಿದವರಿಗೆ ರಾಜಕೀಯ ಯಾಕೆ ಎಂಬ ಪ್ರಶ್ನೆ ಓದುಗರ ಪತ್ರಗಳಲ್ಲಿ ಆಗಾಗ ಕಾಣುತ್ತದೆ. ಚುನಾವಣೆ ಹತ್ತಿರ ಬಂದಾಗಲಂತೂ ಜಾಸ್ತಿ. ಪದಕ ಗೆದ್ದವರೊಬ್ಬರಿಗೆ ಟಿಕೆಟ್ ಸಿಕ್ಕಿತು ಅಂದರೆ ಸಾಕು, "ಓಡೋದು ಗೊತ್ತು, ಆಳೋದು ಗೊತ್ತಾ?" ಎನ್ನುವವರು ಒಂದು ಕಡೆ. "ದೇಶಕ್ಕೆ ಹೆಸರು ತಂದವರು, ಕಣ್ಣು ಮುಚ್ಚಿಕೊಂಡು ವೋಟು ಹಾಕಿ" ಎನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಮಾತು ಒಪ್ಪಿಗೆಯಿಲ್ಲ. ನಾನು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನವಳು. ಶಾಲೆಯಲ್ಲಿದ್ದಾಗ ಖೋ-ಖೋ ಆಡಿ ಹೋಬಳಿ, ತಾಲ್ಲೂಕು ದಾಟಿ ಜಿಲ್ಲಾ ಮಟ್ಟದವರೆಗೆ ಹೋಗಿದ್ದೆ. ಆಮೇಲೆ ಮದುವೆ, ಮಕ್ಕಳು, ಹಸು, ತೋಟ. 2020ರ ಡಿಸೆಂಬರ್‌ನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಗೆದ್ದೆ. ಹಾಗಾಗಿ ಈ ವಿಷಯದಲ್ಲಿ ಮಾತಾಡಲು ನನಗೂ ಒಂದಿಷ್ಟು ಹಕ್ಕಿದೆ ಎಂದುಕೊಂಡಿದ್ದೇನೆ.

ಈ ಪತ್ರಕ್ಕೆ ಕಾರಣ ಜರ್ಮನಿಯ ಒಬ್ಬ ಆಟಗಾರರು. ಹೆಸರು ಫ್ರಾಂಕ್ ಉಲ್ರಿಚ್. ನನ್ನ ಅಣ್ಣನ ಮಗ ಅಲ್ಲಿನ ತುರಿಂಗಿಯಾ ರಾಜ್ಯದ ಇಲ್ಮೆನೌ ಎಂಬ ಊರಿನಲ್ಲಿ ಎಂ.ಎಸ್. ಓದುತ್ತಾನೆ. ಅಲ್ಲಿಗೆ ಹತ್ತಿರದಲ್ಲೇ ಓಬರ್‌ಹೋಫ್ ಎಂಬ ಚಿಕ್ಕ ಊರಿದೆ. ಚಳಿಗಾಲದ ಆಟಗಳಿಗೆ ಹೆಸರಾದ ಜಾಗ. 2023ರಲ್ಲಿ ಬಯಾಥ್ಲಾನ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲೇ. ಅದನ್ನು ಹೇಳುತ್ತಾ ಹುಡುಗ, "ಅತ್ತೆ, ಇಲ್ಲೊಬ್ಬರು ನಿಮ್ಮ ಹಾಗೇ ಆಟ ಆಡಿ ಆಮೇಲೆ ಎಲೆಕ್ಷನ್‌ಗೆ ನಿಂತವರಿದ್ದಾರೆ" ಅಂದ. ಒಲಿಂಪಿಕ್ ಚಿನ್ನ ಗೆದ್ದವರ ಜೊತೆ ನನ್ನನ್ನು ಸೇರಿಸಿದ್ದು ಅವನ ಪ್ರೀತಿ. ಆದರೆ ಆ ಮನುಷ್ಯರ ಬಗ್ಗೆ ಅವನಿಂದ ಕೇಳಿ, ನಾನೂ ಹುಡುಕಿ ಓದಿ ತಿಳಿದುಕೊಂಡ ಮೇಲೆ, ನಮ್ಮ ಜಿಲ್ಲೆಯ ಜನರೂ ತಿಳಿಯಬೇಕು ಅನ್ನಿಸಿತು.

ಬಯಾಥ್ಲಾನ್ ಎಂದರೆ ಹಿಮದ ಮೇಲೆ ಸ್ಕೀ ಹಾಕಿಕೊಂಡು ಓಡುವುದು, ಮಧ್ಯೆ ಮಧ್ಯೆ ನಿಂತು ಬಂದೂಕಿನಿಂದ ಗುರಿ ಹೊಡೆಯುವುದು. ಕನಿಷ್ಠ ಮೂರೂವರೆ ಕಿಲೋ ತೂಗುವ ಬಂದೂಕು ಉದ್ದಕ್ಕೂ ಬೆನ್ನ ಮೇಲೇ ಇರುತ್ತದೆ. ಗುರಿ ಇರುವುದು 50 ಮೀಟರ್ ದೂರದಲ್ಲಿ. ಮಲಗಿ ಹೊಡೆಯುವಾಗ ಅದರ ಅಗಲ ಬರೀ ನಾಲ್ಕೂವರೆ ಸೆಂಟಿಮೀಟರ್, ನಿಂತು ಹೊಡೆಯುವಾಗ ಹನ್ನೊಂದೂವರೆ. ಮಧುಗಿರಿ ಬೆಟ್ಟವನ್ನು ಬಿರುಸಾಗಿ ಹತ್ತಿ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಸೂಜಿಗೆ ದಾರ ಪೋಣಿಸಬೇಕು ಅಂದರೆ ಹೇಗಿರುತ್ತದೋ ಹಾಗೆ ಈ ಆಟ. ಗುಂಡು ತಪ್ಪಿದರೆ ಶಿಕ್ಷೆಯೂ ಇದೆ. 10 ಕಿಲೋಮೀಟರಿನ ಸ್ಪರ್ಧೆಯಲ್ಲಿ ತಪ್ಪಿದ ಒಂದೊಂದು ಗುಂಡಿಗೂ 150 ಮೀಟರಿನ ಒಂದು ಸುತ್ತು ಹೆಚ್ಚಿಗೆ ಓಡಬೇಕು. 20 ಕಿಲೋಮೀಟರಿನ ಸ್ಪರ್ಧೆಯಲ್ಲಿ ಒಂದೊಂದು ಗುಂಡಿಗೂ ಒಂದು ನಿಮಿಷ ಸೇರಿಸುತ್ತಾರೆ. ಕಾಲು ಎಷ್ಟೇ ಬಲವಾಗಿರಲಿ, ಕೈ ನಿಲ್ಲದಿದ್ದರೆ ಎಲ್ಲಾ ಹೋಯಿತು.

ಉಲ್ರಿಚ್ ಹುಟ್ಟಿದ್ದು 1958ರ ಜನವರಿಯಲ್ಲಿ, ತುರಿಂಗಿಯಾದ ಟ್ರೂಸೆಟಾಲ್ ಎಂಬ ಊರಿನಲ್ಲಿ. ಆಗ ಅದು ಪೂರ್ವ ಜರ್ಮನಿ. 1976ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನ ರಿಲೇಯಲ್ಲಿ ಕಂಚು ಗೆದ್ದಾಗ ಅವರಿಗೆ 18 ವರ್ಷ. ನಾಲ್ಕು ವರ್ಷ ಬಿಟ್ಟು ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ನಡೆದದ್ದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಮೊದಲು 20 ಕಿಲೋಮೀಟರ್ ಸ್ಪರ್ಧೆ. ಓಟದಲ್ಲಿ ಅವರನ್ನು ಹಿಡಿಯುವವರೇ ಇರಲಿಲ್ಲ. ಆದರೆ ಮೂರು ಗುಂಡು ತಪ್ಪಿದವು, ಮೂರು ನಿಮಿಷ ಸೇರಿತು. ಸೋವಿಯತ್ ಒಕ್ಕೂಟದ ಅನಟೋಲಿ ಅಲ್ಯಾಬ್ಯೆವ್ ಒಂದು ಗುಂಡನ್ನೂ ತಪ್ಪಿಸಲಿಲ್ಲ. ಚಿನ್ನ ಕೈತಪ್ಪಿದ್ದು ಸುಮಾರು 11 ಸೆಕೆಂಡಿನಲ್ಲಿ. ಒಂದೇ ಒಂದು ಗುಂಡು ಸರಿಯಾಗಿ ಬಿದ್ದಿದ್ದರೆ ಅವರೇ ಗೆಲ್ಲುತ್ತಿದ್ದರು.

ಕೆಲವೇ ದಿನ ಬಿಟ್ಟು 10 ಕಿಲೋಮೀಟರ್ ಸ್ಪರ್ಧೆ. ಒಲಿಂಪಿಕ್ಸ್‌ಗೆ ಅದು ಬಂದದ್ದೇ ಆ ವರ್ಷ. ಅಲ್ಲೂ ಎರಡು ಗುಂಡು ತಪ್ಪಿದವು. ಎರಡು ಸುತ್ತು ಹೆಚ್ಚಿಗೆ ಓಡಿದರು. ಹಾಗಿದ್ದೂ ಎರಡನೆಯವರಿಗಿಂತ 40 ಸೆಕೆಂಡಿಗೂ ಹೆಚ್ಚು ಮುಂದೆ ಬಂದು ಚಿನ್ನ ಗೆದ್ದರು. ಬೆಳ್ಳಿ ಪಡೆದ ವ್ಲಾದಿಮಿರ್ ಅಲಿಕಿನ್ ಎಲ್ಲಾ ಗುಂಡನ್ನೂ ಗುರಿಗೆ ಹೊಡೆದಿದ್ದರು! ಖೋ-ಖೋ ಆಡಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಸಲ ಎದುರಾಳಿ ಕೈಗೆ ಸಿಕ್ಕಂತೆ ಆಗಿ ತಪ್ಪಿಸಿಕೊಂಡರೆ, ಅದನ್ನೇ ಯೋಚಿಸುತ್ತಾ ನಿಂತವರು ಮುಂದಿನ ಖೋ ಕೊಡುವುದನ್ನೂ ಮರೆಯುತ್ತಾರೆ. ಗುಂಡು ತಪ್ಪಿತು, ಸರಿ, ಸುತ್ತು ಓಡು, ಮುಂದಕ್ಕೆ ಹೋಗು ಎಂದು ತನಗೆ ತಾನೇ ಹೇಳಿಕೊಳ್ಳುವ ಗಟ್ಟಿತನ ಎಲ್ಲರಿಗೂ ಬರುವುದಿಲ್ಲ.

ಅದೇ ಲೇಕ್ ಪ್ಲಾಸಿಡ್‌ನಲ್ಲಿ ರಿಲೇಯಲ್ಲೂ ಒಂದು ಬೆಳ್ಳಿ. ಒಟ್ಟಾರೆ ನಾಲ್ಕು ಸಲ ವಿಶ್ವಕಪ್ ಅಗ್ರಸ್ಥಾನ, ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಒಂಬತ್ತು ಚಿನ್ನ. ಆಟ ಬಿಟ್ಟ ಮೇಲೆ ಅವರು ತರಬೇತುದಾರರಾದರು. ಅವರು ಆಡಿದ ದೇಶ 1990ರಲ್ಲಿ ಇಲ್ಲವಾಯಿತು. ಎರಡು ಜರ್ಮನಿ ಒಂದಾದ ಮೇಲೂ ಅವರು ತರಬೇತಿ ಬಿಡಲಿಲ್ಲ. 1998ರಿಂದ 2010ರವರೆಗೆ ಜರ್ಮನಿಯ ಪುರುಷರ ಬಯಾಥ್ಲಾನ್ ತಂಡದ ಹೊಣೆ ಹೊತ್ತರು. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಮಿಖಾಯೆಲ್ ಗ್ರೈಸ್ ಮೂರು ಚಿನ್ನ ಗೆದ್ದರು, ಸ್ವೆನ್ ಫಿಷರ್ 10 ಕಿಲೋಮೀಟರ್ ಗೆದ್ದರು. ಇಪ್ಪತ್ತಾರು ವರ್ಷದ ಹಿಂದೆ ತಾನು ಗೆದ್ದ ಅದೇ ಸ್ಪರ್ಧೆಯನ್ನು ತಾನು ತಯಾರು ಮಾಡಿದ ಹುಡುಗ ಗೆದ್ದಾಗ ಅವರಿಗೆ ಹೇಗಾಗಿರಬೇಡ! ಆಮೇಲೆ ಕ್ರಾಸ್ ಕಂಟ್ರಿ ಸ್ಕೀ ತಂಡಕ್ಕೂ ತರಬೇತುದಾರರಾಗಿದ್ದರು.

ಇಲ್ಲಿ ಇನ್ನೊಂದು ಮಾತು ಹೇಳದೆ ಹೋದರೆ ಸರಿಯಾಗುವುದಿಲ್ಲ. ಪೂರ್ವ ಜರ್ಮನಿಯ ಸರ್ಕಾರವೇ ಆಟಗಾರರಿಗೆ ಶಕ್ತಿ ಹೆಚ್ಚಿಸುವ ನಿಷೇಧಿತ ಮದ್ದು ಕೊಡಿಸುತ್ತಿತ್ತು (ಡೋಪಿಂಗ್ ಅನ್ನುವುದು ಇದಕ್ಕೇ) ಎಂಬುದು ಈಗ ಇಡೀ ಜಗತ್ತಿಗೆ ಗೊತ್ತು. ಎಷ್ಟೋ ಜನರ ಆರೋಗ್ಯ ಹಾಳಾಯಿತು. ಉಲ್ರಿಚ್ ಅವರಿಗೂ ಆಗಿನ ಡೋಪಿಂಗ್ ವಿಷಯ ತಿಳಿದಿತ್ತು ಎಂದು 2009ರಲ್ಲಿ ಹಳೆಯ ಆಟಗಾರರೊಬ್ಬರು ಆರೋಪ ಮಾಡಿದರು. ಅವರು ಅದನ್ನು ಅಲ್ಲಗಳೆದರು. ಪದಕ ಗೆದ್ದವರನ್ನು ದೇವರು ಮಾಡಿ ಕೂರಿಸಬಾರದು ಎಂದು ನಾನು ಹೇಳುವುದು ಇದಕ್ಕೇ. ವೋಟು ಕೇಳಲು ಬಂದ ಮೇಲೆ ಹಳೆಯದನ್ನೂ ಕೇಳಬೇಕು, ಅವರು ಉತ್ತರ ಹೇಳಬೇಕು. ಆಟಗಾರ ಎಂಬ ಕಾರಣಕ್ಕೆ ಪ್ರಶ್ನೆಗೆ ರಜೆ ಇಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಸಂಸತ್ತಿಗೆ, ಅಂದರೆ ಬುಂಡೆಸ್ಟಾಗ್‌ಗೆ ಚುನಾವಣೆ ನಡೆಯಿತು. ತುರಿಂಗಿಯಾದ ದಕ್ಷಿಣ ಭಾಗದ ಒಂದು ಕ್ಷೇತ್ರದಲ್ಲಿ ಉಲ್ರಿಚ್ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದಿಂದ ನಿಂತರು. ಆಗ ವಯಸ್ಸು 63. ಆ ಕ್ಷೇತ್ರದಲ್ಲಿ ಸೂಲ್ ಎಂಬ ಊರಿದೆ, ಹಿಂದಿನಿಂದಲೂ ಬಂದೂಕು ತಯಾರಿಕೆಗೆ ಹೆಸರಾದದ್ದು. ಎದುರಾಳಿಯಾಗಿ ನಿಂತವರು ಹಾನ್ಸ್-ಗೆಯೋರ್ಗ್ ಮಾಸೆನ್. ಅವರು ದೇಶದ ಒಳಗಿನ ಗುಪ್ತಚರ ಸಂಸ್ಥೆಗೆ ಆರು ವರ್ಷ ಮುಖ್ಯಸ್ಥರಾಗಿದ್ದವರು, ಹೊರಗಿನಿಂದ ಬಂದು ಅಲ್ಲಿ ನಿಂತಿದ್ದರು. ದೊಡ್ಡ ದೊಡ್ಡ ಪತ್ರಿಕೆಗಳ ಕಣ್ಣೆಲ್ಲ ಅವರ ಮೇಲೇ ಇತ್ತು. ಕೊನೆಗೆ ಜನ ಆರಿಸಿದ್ದು ಉಲ್ರಿಚ್ ಅವರನ್ನು. ಅವರಿಗೆ ಮೂರನೇ ಒಂದು ಭಾಗದಷ್ಟು ಮತ ಬಿತ್ತು, ಮಾಸೆನ್‌ಗೆ ಅದಕ್ಕಿಂತ ಬಹಳ ಕಡಿಮೆ.

1980ರ ಚಿನ್ನದಿಂದ 2021ರ ಗೆಲುವಿಗೆ 41 ವರ್ಷ. ಮೊದಲ ಸಲ ವೋಟು ಹಾಕಿದ ಹುಡುಗ ಹುಡುಗಿಯರು ಲೇಕ್ ಪ್ಲಾಸಿಡ್ ಅನ್ನು ಕಂಡವರೇ ಅಲ್ಲ. ಅವರ ಅಪ್ಪ ಅಮ್ಮಂದಿರಲ್ಲೂ ಎಷ್ಟೋ ಜನ ಆಗ ಚಿಕ್ಕ ಮಕ್ಕಳು. ಬರೀ ಪದಕ ತೋರಿಸಿದ್ದರೆ ಅಷ್ಟು ಜನ ಓಗೊಡುತ್ತಿದ್ದರು ಅಂತ ನನಗನ್ನಿಸುವುದಿಲ್ಲ. ಆ ಸೀಮೆಯಲ್ಲಿ ಹುಟ್ಟಿ ಬೆಳೆದು, ವರ್ಷಗಟ್ಟಲೆ ಹುಡುಗರನ್ನು ತಯಾರು ಮಾಡಿದವರು ಎಂಬುದು ಅವರ ಬಂಡವಾಳ. ಗೆದ್ದ ಮೇಲೆ ಅವರಿಗೆ ಸಿಕ್ಕಿದ ಕೆಲಸ ಯಾವುದು ಗೊತ್ತೇ? ಬುಂಡೆಸ್ಟಾಗ್‌ನ ಕ್ರೀಡಾ ಸಮಿತಿಯ ಅಧ್ಯಕ್ಷ ಸ್ಥಾನ. ಗೊತ್ತಿದ್ದ ಮನುಷ್ಯನ ಕೈಗೆ ಗೊತ್ತಿದ್ದ ವಿಷಯ ಕೊಟ್ಟರು. ನಮ್ಮಲ್ಲಿ ತಪ್ಪುವುದು ಇಲ್ಲೇ.

ನಮ್ಮ ದೇಶದಲ್ಲಿ ಇಂಥವರು ಕಡಿಮೆ ಇಲ್ಲ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಹಾಕಿ ತಂಡದ ನಾಯಕರಾಗಿದ್ದ ಜೈಪಾಲ್ ಸಿಂಗ್ ಮುಂಡಾ ಸಂವಿಧಾನ ರಚನಾ ಸಭೆಯಲ್ಲಿ ಕುಳಿತು ಆದಿವಾಸಿಗಳ ಪರವಾಗಿ ಗಟ್ಟಿಯಾಗಿ ಮಾತಾಡಿದರು. ಶೂಟಿಂಗ್ ಪಟು ಕರ್ಣಿ ಸಿಂಗ್ 1952ರಿಂದ 25 ವರ್ಷ ಬಿಕಾನೇರ್ ಸಂಸದರಾಗಿದ್ದರು, ಆ ಮಧ್ಯೆಯೇ ಒಲಿಂಪಿಕ್ಸ್‌ಗೂ ಹೋಗಿ ಬರುತ್ತಿದ್ದರು. 2004ರಲ್ಲಿ ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದ ರಾಜ್ಯವರ್ಧನ್ ಸಿಂಗ್ ರಾಠೋಡ್ 2014ರಲ್ಲಿ ಲೋಕಸಭೆಗೆ ಬಂದು, 2017ರಲ್ಲಿ ಕ್ರೀಡಾ ಸಚಿವರೇ ಆದರು. ಪಿ.ಟಿ. ಉಷಾ ರಾಜ್ಯಸಭೆಗೆ ಬಂದದ್ದು 2022ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಕೇರಳದಲ್ಲಿ ಓಟದ ಶಾಲೆ ತೆರೆದು ಹೆಣ್ಣುಮಕ್ಕಳನ್ನು ತಯಾರು ಮಾಡುತ್ತಿದ್ದರು. ನನಗೆ ಅವರ ಪದಕಗಳಿಗಿಂತ ಆ ಶಾಲೆಯ ಮೇಲೆ ಗೌರವ ಹೆಚ್ಚು. ಸಚಿನ್ ತೆಂಡೂಲ್ಕರ್ ರಾಜ್ಯಸಭೆಗೆ ನಾಮಕರಣವಾದಾಗ ನಾವೆಲ್ಲ ಖುಷಿಪಟ್ಟೆವು. ಆದರೆ ಸದನಕ್ಕೆ ಬರುವುದೇ ಅಪರೂಪ ಎಂಬ ದೂರು ಕೇಳಿಬಂತು. ಆಟದಲ್ಲಿ ಅವರಿಗೆ ಸಮನಾದವರು ಯಾರು? ಆದರೂ ಹಾಜರಾತಿ ಬೇರೆ ವಿಷಯ.

ದೆಹಲಿಯ ಮಾತು ಅಲ್ಲಿರಲಿ. ನಮ್ಮ ಪಂಚಾಯಿತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ.

ಗೆದ್ದ ಹೊಸದರಲ್ಲಿ ನನಗೆ ಸಿಗುತ್ತಿದ್ದ ಕೆಲಸ ಅಂದರೆ ಕ್ರಿಕೆಟ್ ಟೂರ್ನಿ ಉದ್ಘಾಟನೆ. "ನೀವು ಆಟಗಾರ್ತಿ ಅಲ್ವಾ ಅಕ್ಕ, ಬನ್ನಿ" ಎಂದು ಕರೆದು, ಶಾಲು ಹೊದಿಸಿ, ಫೋಟೋ ತೆಗೆದು ಕಳಿಸುವುದು. ಸಾಮಾನ್ಯ ಸಭೆಯಲ್ಲಿ ಮಾತ್ರ ಸುಮ್ನೆ ಕೂರಬೇಕು. ಚರಂಡಿ, ಬೋರ್‌ವೆಲ್ ವಿಷಯದಲ್ಲಿ ಬಾಯಿ ತೆರೆದರೆ, "ಅದು ನಿಮಗೆ ತಿಳಿಯಲ್ಲ ಬಿಡಿ." ಶಾಲೆಯ ಆಟದ ಮೈದಾನವನ್ನು ಉದ್ಯೋಗ ಖಾತ್ರಿಯಲ್ಲಿ ಮಾಡಿಸೋಣ ಎಂದು ಗ್ರಾಮ ಸಭೆಯಲ್ಲಿ ಕೇಳಿ, ಕ್ರಿಯಾ ಯೋಜನೆಗೆ ಸೇರಿಸಲು ಪಿಡಿಒ ಹತ್ತಿರ ಎಷ್ಟು ಸಲ ಹೋಗಿದ್ದೇನೋ ನನಗೇ ಲೆಕ್ಕವಿಲ್ಲ.

ಕೊನೆಗೆ ಕೆಲಸ ಮಂಜೂರಾಯಿತು. ಜಾಬ್ ಕಾರ್ಡ್ ಇದ್ದ ಹೆಣ್ಣುಮಕ್ಕಳೇ ಜಾಸ್ತಿ ಬಂದು ನೆಲ ಮಟ್ಟ ಮಾಡಿದರು. ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ತುದಿಗೆ ಎರಡು ಕಂಬ. ಕಂಬ ನೆಡುವ ದಿನ ನೋಡಿದರೆ ವೆಲ್ಡಿಂಗ್ ಅಂಗಡಿಯಿಂದ ಚೌಕದ ಕಬ್ಬಿಣದ ಪೈಪು ತಂದು ಇಳಿಸಿದ್ದಾರೆ, ಗೇಟಿಗೆ ಹಾಕುತ್ತಾರಲ್ಲ, ಅಂಥದ್ದು. ಮೇಲ್ತುದಿ ಕತ್ತರಿಸಿದ ಹಾಗೇ ಇದೆ, ಅಂಚು ಕೈಗೆ ಕುಯ್ಯುವಷ್ಟು ಚೂಪು. ನಾನು ಇದು ಆಗುವುದಿಲ್ಲ ಅಂದೆ. "ಕಂಬ ಕಂಬವೇ ಅಲ್ವಾ? ಕಬ್ಬಿಣ ಆದರೆ ಗಟ್ಟಿ, ಗೆದ್ದಲೂ ಹಿಡಿಯಲ್ಲ" ಅಂದರು.

ಖೋ-ಖೋ ಆಡದವರಿಗೆ ಇದು ತಿಳಿಯುವುದು ಕಷ್ಟ. ಅಟ್ಟಿಸಿಕೊಂಡು ಬರುವ ಹುಡುಗಿ ಪೂರಾ ವೇಗದಲ್ಲಿ ಬಂದು ಒಂದು ಕೈಯಲ್ಲಿ ಕಂಬ ಹಿಡಿದು, ಇಡೀ ಮೈಭಾರವನ್ನು ಆ ಕೈಗೆ ಕೊಟ್ಟು, ಅಡ್ಡಕ್ಕೆ ಹಾರಿ ಎದುರಾಳಿಯನ್ನು ಮುಟ್ಟುತ್ತಾಳೆ. ಪೋಲ್ ಡೈವ್ ಅನ್ನುತ್ತಾರೆ. ಆಗ ಅಂಗೈ ಕಂಬದ ಸುತ್ತ ತಿರುಗುತ್ತದೆ. ಕಂಬ ಚೌಕವಾಗಿದ್ದರೆ ಅಂಗೈ ಚರ್ಮವೇ ಕಿತ್ತು ಬರುತ್ತದೆ, ಆಯ ತಪ್ಪಿದರೆ ಪಕ್ಕೆಲುಬಿಗೆ ಅಂಚು ಹೊಡೆಯುತ್ತದೆ. ಅದಕ್ಕೇ ನಿಯಮದಲ್ಲಿ ದುಂಡಗಿನ, ನುಣುಪಾದ ಮರದ ಕಂಬ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ ಎಂದು ಇಟ್ಟಿರುವುದು. ನಾನು ಅಲ್ಲೇ ಸೀರೆ ಸೆರಗು ಸಿಕ್ಕಿಸಿಕೊಂಡು, ಪೈಪು ಹಿಡಿದು ಕೈ ಹೇಗೆ ತಿರುಗುತ್ತದೆ ಎಂದು ತೋರಿಸಿದೆ. ಎಂಜಿನಿಯರ್ ಒಳ್ಳೆಯ ಹುಡುಗ. ಸುಮ್ಮನೆ ನೋಡಿ, ಪೈಪು ವಾಪಸ್ ಕಳಿಸಿದ. ಊರಿನ ಆಚಾರರು ನೀಲಗಿರಿ ಮರದ ಕಂಬ ಹತ್ತರಿ ಹೊಡೆದು, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಮೇಲ್ತುದಿಯನ್ನು ದುಂಡಗೆ ಮಾಡಿ ಕೊಟ್ಟರು. ಮೇಲೆ ಹಾಸಲು ಗರಸು ತರಿಸಿದ್ದರು. ಅದನ್ನೂ ತಡೆದು ಜರಡಿ ಹಿಡಿದ ಕೆಮ್ಮಣ್ಣು ಹಾಕಿಸಿದೆವು. ಮಂಡಿಯೂರಿ ಕೂರುವ ಆಟ, ಗರಸಿನ ಮೇಲೆ ಕೂತು ನೋಡಲಿ ಒಮ್ಮೆ!

ಕಂಬದ ವಿಷಯ ಇಷ್ಟು ಎಳೆದದ್ದು ಯಾಕೆಂದರೆ, ಆಟಗಾರರು ಅಧಿಕಾರದಲ್ಲಿ ಇರಬೇಕಾದದ್ದು ಇಂಥದ್ದಕ್ಕೇ. ಕಾಗದದ ಮೇಲೆ ಎರಡು ಕಂಬ ಅಂತ ಇರುತ್ತದೆ, ಬಿಲ್ ಆಗುತ್ತದೆ, ಫೋಟೋ ಅಪ್‌ಲೋಡ್ ಆಗುತ್ತದೆ. ಅಂಗೈ ಕುಯ್ದುಕೊಂಡ ಮಗು ಆಟ ಬಿಟ್ಟು ಮನೆಗೆ ಹೋದದ್ದು ಯಾವ ಕಡತದಲ್ಲೂ ಬರುವುದಿಲ್ಲ. ಹಾಗೇ ಮೈದಾನದ ಪಕ್ಕ ಶೌಚಾಲಯ. ಅದಿಲ್ಲದಿದ್ದರೆ ಎಂಟನೇ ಕ್ಲಾಸು ದಾಟಿದ ಹೆಣ್ಣುಮಕ್ಕಳು ಸಾಯಂಕಾಲದ ಅಭ್ಯಾಸಕ್ಕೆ ನಿಲ್ಲುವುದೇ ಇಲ್ಲ. ಕೇಳಿದರೆ ಮನೆಯಲ್ಲಿ ಕೆಲಸ ಇದೆ ಅನ್ನುತ್ತಾರೆ. ನಿಜ ಕಾರಣ ಆಡಿದವರಿಗೆ ಗೊತ್ತು. ಶೌಚಾಲಯದ ವಿಷಯ ನನ್ನ ಅವಧಿಯಲ್ಲಿ ಆಗಲಿಲ್ಲ. ಇನ್ನೂ ಕೇಳುತ್ತಲೇ ಇದ್ದೇನೆ.

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾಯಿತು. ಸಂತೋಷ. ಆದರೆ ಪಾವಗಡದ ಮಗು ಅಲ್ಲಿಗೆ ಬರಬೇಕಾದರೆ ಬಸ್ಸಿನಲ್ಲಿ ಸುಮಾರು 100 ಕಿಲೋಮೀಟರ್. ಜಿಲ್ಲಾ ಮಟ್ಟಕ್ಕೆ ಬರುವ ಮೊದಲು ಆ ಮಗು ಆಡಬೇಕಾದದ್ದು ತನ್ನ ಶಾಲೆಯ ಮುಂದಿನ ಜಾಗದಲ್ಲಿ. ಆ ಜಾಗ ಯಾರ ಕೈಯಲ್ಲಿದೆ? ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಕೈಯಲ್ಲಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೇಳುವವರೇ ಇಲ್ಲದೆ ಹೋಯಿತು.

ಪಕ್ಷಗಳ ಮುಖಂಡರಿಗೆ ನನ್ನ ಮನವಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಆಟಗಾರರಿಗೆ ಟಿಕೆಟ್ ಕೊಡಿ, ಖಂಡಿತ ಕೊಡಿ. ಆದರೆ ಬ್ಯಾನರ್ ಮೇಲೆ ಮುಖ ಚೆನ್ನಾಗಿ ಕಾಣುತ್ತದೆ ಎಂದು ಕೊಡಬೇಡಿ. ಆಟ ಬಿಟ್ಟ ಮೇಲೆ ಅವರು ಏನು ಮಾಡಿದರು, ಯಾವ ಊರಿನ ಯಾವ ಮಕ್ಕಳಿಗೆ ಕಲಿಸಿದರು ಎಂದು ಮೊದಲು ವಿಚಾರಿಸಿ. ನಮ್ಮ ತಾಲ್ಲೂಕಿನಲ್ಲೇ ಸಂಬಳವಿಲ್ಲದೆ, ಬೆಳಿಗ್ಗೆ ಐದೂವರೆಗೆ ಶಾಲೆ ಅಂಗಳದಲ್ಲಿ ಮಕ್ಕಳನ್ನು ಓಡಿಸುವ ಹಳೆಯ ಕಬಡ್ಡಿ, ಖೋ-ಖೋ ಆಟಗಾರರಿದ್ದಾರೆ. ಹೆಣ್ಣುಮಕ್ಕಳೂ ಇದ್ದಾರೆ. ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಗಂಡನ ಹೆಸರಿನಲ್ಲಿ ನಿಲ್ಲುವವರ ಬದಲು ಇಂಥವರನ್ನು ಹುಡುಕಿ. ಗೆದ್ದ ಮೇಲೆ ಅವರನ್ನು ಜಿಲ್ಲಾ ಪಂಚಾಯಿತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಗೆ, ಗ್ರಾಮ ಪಂಚಾಯಿತಿಯಾದರೆ ಸೌಕರ್ಯ ಸಮಿತಿಗೆ ಹಾಕಿ. ಮೈದಾನದ ಅಂದಾಜು ಪಟ್ಟಿಗೆ ಸಹಿ ಬೀಳುವ ಮೊದಲು ಅವರ ಕಣ್ಣಿಗೆ ಬೀಳಲಿ. ದೊಡ್ಡ ದೇಶವೊಂದು ಚಿನ್ನ ಗೆದ್ದ ತನ್ನ ಆಟಗಾರನನ್ನು ಕ್ರೀಡಾ ಸಮಿತಿಯಲ್ಲಿ ಕೂರಿಸಿ ಕೆಲಸ ತೆಗೆದುಕೊಂಡಿತು. ಹೋಬಳಿ ಮಟ್ಟದಲ್ಲಿ ನಾವೂ ಅದನ್ನು ಮಾಡಬಹುದು. ಅದಕ್ಕೆ ಹೊಸ ಕಾಯ್ದೆ ಬೇಡ, ದುಡ್ಡೂ ಬೇಡ.

ನಿಮ್ಮ ಪತ್ರಿಕೆಗೂ ಒಂದು ಕೇಳಿಕೆ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರೇ ಇಲ್ಲ. ಜಿಲ್ಲೆಯ ಹತ್ತೂ ತಾಲ್ಲೂಕುಗಳಲ್ಲಿ ಎಲ್ಲೆಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆ, ಯಾವ ಶಾಲೆಗೆ ಮೈದಾನ ಇಲ್ಲ, ಯಾವ ಮೈದಾನದ ಪಕ್ಕ ಶೌಚಾಲಯ ಇಲ್ಲ ಎಂಬ ಪಟ್ಟಿಯನ್ನು ತುಮಕೂರು ಪುಟದಲ್ಲಿ ಹೋಬಳಿವಾರು ಪ್ರಕಟಿಸಿ. ಚುನಾವಣೆ ಘೋಷಣೆ ಆಗುವ ಮೊದಲೇ ಪ್ರಕಟಿಸಿದರೆ, ಮನೆ ಬಾಗಿಲಿಗೆ ಬಂದ ಅಭ್ಯರ್ಥಿಗಳ ಮುಂದೆ ನಾವು ಅದನ್ನೇ ಹಿಡಿದು ಕೇಳುತ್ತೇವೆ.

ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ,
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ